ದಾರ ಕಟ್ಟಿದ ಹಲಗೆ

ಯಜಮಾನರು ತೀರಿಕೊಂಡ ಮೇಲೆ ಮನೆಯ ಮುಂಭಾಗದಲ್ಲಿದ್ದ ಸ್ಟುಡಿಯೋ ಕೆಲವು ಕಾಲ ಮುಚ್ಚಿಯೇ ಇತ್ತು. ಬಂದಿದ್ದ ನೆಂಟರೆಲ್ಲ ಹಿಂತಿರುಗಿದ ಮೇಲೆ ಅವರ ಹೆಂಡತಿ ಒಂದು ಬೆಳಿಗ್ಗೆ ಪೊರಕೆಯನ್ನೂ ಒದ್ದೆ ಬಟ್ಟೆಯನ್ನೂ ಹಿಡಿದು ಕತ್ತಲೆ ಕೋಣೆಗೆ ಹೋದರು. ಫೋಟೋ ತೊಳೆಯುವ ಆ ಕೋಣೆಗೆ ಅವರು ಕಾಲಿಟ್ಟದ್ದು ಅಪರೂಪ. ಅಲ್ಲಿಯ ಹುಳಿ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಈಗ ಆ ವಾಸನೆಗಾಗಿಯೇ ಹೋದರು.

ಗುಡಿಸುವಾಗ ಮೇಜಿನ ಕೆಳಗೆ, ಗೋಡೆಯ ಮೂಲೆಯಲ್ಲಿ, ಬೆಂಕಿಕಡ್ಡಿಯ ಚೂರುಗಳು ಸಿಕ್ಕವು. ಒಂದಕ್ಕೂ ತುದಿಯಿರಲಿಲ್ಲ. ಅವನ್ನು ಅಂಗೈಯಲ್ಲಿ ಹಿಡಿದುಕೊಂಡು ಅವರು ಬಹಳ ಹೊತ್ತು ನಿಂತರು. ಯಜಮಾನರಿಗೆ ಎದೆಯ ಕಾಯಿಲೆ ಶುರುವಾದಾಗ ಸಿಗರೇಟು ಮುಟ್ಟಕೂಡದೆಂದು ವೈದ್ಯರು ಹೇಳಿದ್ದರು. ಹೆಂಡತಿಯ ಎದುರು ದೇವರ ಆಣೆಯಿಟ್ಟು ಅವರು ಬಿಟ್ಟಿದ್ದರು. ಆಮೇಲೆಯೂ ಅಡಿಗೆಮನೆಯ ಬೆಂಕಿಪೊಟ್ಟಣ ಬೇಗ ಬೇಗ ಬರಿದಾಗುತ್ತಿತ್ತು. ಸೊಸೆ ಒಲೆ ಹಚ್ಚುವಾಗ ಕಡ್ಡಿ ದಂಡ ಮಾಡುತ್ತಾಳೆಂದು ಅತ್ತೆಯಾದ ಇವರೇ ಗೊಣಗಿದ್ದರು. ಈಗ ಸಂಗತಿ ಬೇರೆಯಾಗಿ ಕಂಡಿತು. ಈ ಕೋಣೆಯ ಬಾಗಿಲು ಹಾಕಿಕೊಂಡು ಸೇದಿದರೆ ಯಾರಿಗೆ ಗೊತ್ತಾದೀತು? ಹುಳಿ ವಾಸನೆ ಎಲ್ಲವನ್ನೂ ನುಂಗಿಬಿಡುತ್ತದೆ. ಸುಟ್ಟ ತುದಿಯನ್ನು ಮುರಿದೆಸೆದರೆ ಕುರುಹೂ ಉಳಿಯುವುದಿಲ್ಲ.

ಚೂರುಗಳನ್ನು ತಂದು ಒಲೆಗೆ ಹಾಕಿದರು. ಯಾರಿಗೂ ಹೇಳಲಿಲ್ಲ. ಮತ್ತೆ ಒಳಗೆ ಹೋಗಿ ಬಾಟಲಿ, ತಟ್ಟೆ, ಹಲಗೆ ಎಲ್ಲವನ್ನೂ ಎತ್ತಿ ಒರೆಸಿ ಇದ್ದಲ್ಲಿಯೇ ಇಟ್ಟರು.

ಹಲಗೆ ಎಂದರೆ ಫೋಟೋ ಕಾಗದವನ್ನು ಹಿಡಿಯುವ ಕಬ್ಬಿಣದ ಹಲಗೆ. ಮೇಲಿನ ಯಂತ್ರದಿಂದ ನೆಗೆಟಿವ್‌ನ ಬೆಳಕು ಅದರ ಮೇಲೆ ಬೀಳುತ್ತದೆ. ಹಲಗೆಯ ಮೇಲೆ ಮಡಚುವ ಒಂದು ಚೌಕಟ್ಟು, ಚೌಕಟ್ಟಿಗೆ ಆಚೀಚೆ ಸರಿಯುವ ಎರಡು ಉಕ್ಕಿನ ಪಟ್ಟಿ. ಪಟ್ಟಿ ನಿಂತ ಕಡೆಗೆ ಪಟ ಮುಗಿಯಿತು. ಆಚೆಯದೆಲ್ಲ ಬಿಳಿ ಅಂಚು. ಆ ಪಟ್ಟಿಗಳು ಈಗ ವಿಚಿತ್ರವಾದ ಅಳತೆಗೆ ನಿಂತಿದ್ದವು: ಅಗಲ ನಾಲ್ಕೇ ಬೆರಳು, ಉದ್ದ ಗೇಣಿಗಿಂತ ಹೆಚ್ಚು. ಯಜಮಾನರ ಕೈ ಕೊನೆಯದಾಗಿ ನಿಲ್ಲಿಸಿದ ಅಳತೆ ಇದು ಎಂದು ಅವರಿಗೆ ತೋರಿತು. ಹೊಲಿಗೆ ಪೆಟ್ಟಿಗೆಯಿಂದ ಬಿಳಿ ದಾರ ತಂದು ಎರಡು ಪಟ್ಟಿಗಳನ್ನೂ ಅಲ್ಲಾಡದಂತೆ ಬಿಗಿದು ಕಟ್ಟಿದರು.

ಸ್ಟುಡಿಯೋ ಬಾಗಿಲು ಮತ್ತೆ ತೆರೆದ ದಿನ ಊಟಕ್ಕೆ ಕೂತಾಗ ಸೊಸೆ ಕೇಳಿದಳು.

"ಅತ್ತೆ, ಆ ಹಲಗೆಗೆ ದಾರ ಕಟ್ಟಿದ್ದು ನೀವಾ?"

"ನಾನೇ. ಅದನ್ನ ಯಾರೂ ಸರಿಸಕೂಡದು. ಅವರು ಇಟ್ಟ ಹಾಗೇ ಇರಲಿ."

"ಹಾಗೇ ಇದ್ರೆ ಕೆಲಸ ಹೇಗೆ ಮಾಡ್ಲಿ? ಒಬ್ರಿಗೆ ಸಣ್ಣದು ಬೇಕು, ಒಬ್ರಿಗೆ ದೊಡ್ಡದು ಬೇಕು."

"ಅದೇ ಅಳತೇಲಿ ಮಾಡು. ಅವರು ಏನೋ ಯೋಚನೆ ಮಾಡಿಯೇ ಇಟ್ಟಿರ್ತಾರೆ."

"ನಾಲ್ಕು ಬೆರಳಲ್ಲಿ ಯಾರ ಮುಖ ಹಿಡಿಸುತ್ತೆ, ಅತ್ತೆ?"

"ಅವರ ಕಾಲದಲ್ಲಿ ಹಿಡಿಸ್ತಿತ್ತಲ್ಲ."

ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಸ್ವಲ್ಪ ದಿನ ಅಮ್ಮ ಹೇಳಿದ ಹಾಗೆ ಮಾಡು," ಎಂದ.

"ನೀವು ಬಸ್ಸಿನ ಸ್ಟಿಯರಿಂಗಿಗೆ ದಾರ ಕಟ್ಟಿ ಓಡಿಸ್ತೀರಾ?" ಎಂದಳು ಸೊಸೆ.

ಮೊಮ್ಮಗಳು ಕಿಸಕ್ಕನೆ ನಕ್ಕಳು. ಕಾಲೇಜಿಗೆ ಹೋಗುವ ಈ ಹುಡುಗಿ ಬಾಯಿ ತೆರೆದರೆ ಪಟಪಟ ಸಿಡಿಯುತ್ತಿದ್ದುದರಿಂದ ಅವಳ ತಾತ ಅವಳನ್ನು ಚಿನಕುರುಳಿ ಎಂದು ಕರೆದಿದ್ದರು. ಆ ಹೆಸರೇ ನಿಂತಿತ್ತು.

ಸೊಸೆ ಆ ಕೋಣೆಯಲ್ಲಿ ಮಾವನ ಜೊತೆ ಬಹಳ ವರ್ಷ ದುಡಿದಿದ್ದಳು. ಫೋಟೋ ತೊಳೆಯುವುದು, ಒಣಗಿಸುವುದು, ಕಲೆ ತಿದ್ದುವುದು ಅವಳ ಪಾಲು. ಅಳತೆ ಕಟ್ಟುವುದು, ಎಲ್ಲಿ ಕತ್ತರಿಸಬೇಕು ಎಲ್ಲಿ ಬಿಡಬೇಕು ಎಂದು ತೀರ್ಮಾನಿಸುವುದು ಮಾವನ ಪಾಲು. ಹಲಗೆಗೆ ಅವರು ಬೇರೆಯವರ ಕೈ ಹಾಕಿಸುತ್ತಿರಲಿಲ್ಲ. ಈಗ ಎರಡೂ ಪಾಲು ಅವಳ ಮೇಲೆ ಬಿದ್ದಿತ್ತು. ಯಂತ್ರದಲ್ಲಿ ಮಾವ ಹಾಕಿಟ್ಟಿದ್ದ ಕೊನೆಯ ನೆಗೆಟಿವ್ ಹಾಗೆಯೇ ಇತ್ತು; ಎದುರು ಸಾಲಿನ ಕ್ಷೌರಿಕನದು. ಯಜಮಾನರ ಕೊನೆಯ ಕೆಲಸವೆಂದು ಅದನ್ನು ಮುದ್ರಿಸಲೂ ಅತ್ತೆ ಬಿಡಲಿಲ್ಲ. ಸೊಸೆ ಅದನ್ನು ತೆಗೆದು ಲಕೋಟೆಯಲ್ಲಿಟ್ಟಳು. ಯಂತ್ರದ ತಲೆ ನಿಂತಿದ್ದ ಎತ್ತರಕ್ಕೆ ಕಂಬದ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದುಕೊಂಡಳು. ಕಪಾಟಿನ ಮೇಲೆ ಮಾವನದೊಂದು ಫಿಲ್ಮ್ ಡಬ್ಬಿ ಇತ್ತು, ಮುಚ್ಚಳ ಬಿಗಿದಿತ್ತು. ಒಳಗೆ ತೊಳೆಯದ ಫಿಲ್ಮ್ ಇದ್ದರೆ ತೆರೆದೊಡನೆ ಬೆಳಕು ತಾಗಿ ಕೆಡುತ್ತದೆ. ಅವರ ಕಣ್ಣು ಕೊನೆಗೆ ಕಂಡದ್ದು ಅದರಲ್ಲಿದೆಯೋ ಏನೋ ಎಂದು ಅವಳು ಅದನ್ನು ಮುಟ್ಟದೆ ಬಿಟ್ಟಳು. ಹಾಗೆ ನೋಡಿದರೆ ಅತ್ತೆಗೊಂದು ಹಲಗೆ, ಸೊಸೆಗೊಂದು ಡಬ್ಬಿ.

ಮುಂದಿನ ದಿನಗಳಲ್ಲಿ ಆ ಬೀದಿಯ ಜನಕ್ಕೆಲ್ಲ ಉದ್ದುದ್ದನೆಯ ಫೋಟೋಗಳು ಸಿಕ್ಕವು. ಬಹಳ ಎತ್ತರದ ಒಬ್ಬರು ಶಾಲಾ ಶಿಕ್ಷಕಿ ಮಾತ್ರ ತಮ್ಮ ಫೋಟೋ ನೋಡಿ ಮೆಚ್ಚಿದರು. "ತಲೆಯಿಂದ ಕಾಲಿನವರೆಗೂ ನಾನು ಸರಿಯಾಗಿ ಹಿಡಿಸಿದ್ದು ಇದೇ ಮೊದಲು," ಎಂದರು. ಅತ್ತೆ ಆ ಮಾತನ್ನು ರಾತ್ರಿ ಊಟದಲ್ಲಿ ಇನ್ನೊಮ್ಮೆ ಬಡಿಸಿದರು.

"ಕೇಳಿದೆಯಾ? ನಾನು ಹೇಳಲಿಲ್ವಾ?"

"ಅಜ್ಜಿ, ಆ ಮೇಡಂ ಬಾಗಿಲಿಗೇ ಹಿಡಿಸಲ್ಲ," ಎಂದಳು ಚಿನಕುರುಳಿ.

ಎರಡು ದಿನ ಬಿಟ್ಟು ಒಂದು ದಂಪತಿ ಮಗುವಿನೊಂದಿಗೆ ತೆಗೆಸಿಕೊಂಡ ಫೋಟೋ ತೆಗೆದುಕೊಳ್ಳಲು ಬಂದರು. ಪಟದಲ್ಲಿ ತಾಯಿ, ಮಗು ಬಂದಿದ್ದರು. ತಂದೆಯದು ಒಂದು ಭುಜ ಮಾತ್ರ ಬಂದಿತ್ತು. ಆತ ಅದನ್ನು ಬೆಳಕಿಗೆ ಹಿಡಿದು ನೋಡಿ, "ಮಗು ದೊಡ್ಡದಾದ ಮೇಲೆ ಇದು ಯಾರ ಭುಜ ಅಂತ ಕೇಳಿದ್ರೆ ಏನು ಹೇಳ್ಲಿ?" ಎಂದು ಕೇಳಿ ಅದನ್ನು ಮೇಜಿನ ಮೇಲೆಯೇ ಬಿಟ್ಟು ಹೋದ. ಕ್ಷೌರಿಕನಂತೂ ಅಂಗಡಿ ತೆರೆಯುವ ಮುಂಚೆ ದಿನವೂ ಇಣುಕುತ್ತಿದ್ದ. "ಅಮ್ಮಾ, ನನ್ನ ಮುಖ ಇನ್ನೂ ಒಣಗಲಿಲ್ವಾ?"

ಆಮೇಲೆ ಅಂಚೆ ಕಚೇರಿಯ ಕೆಲಸ ಬಂತು. ಪೋಸ್ಟ್‌ಮಾಸ್ಟರರಿಗೆ ನಿವೃತ್ತಿ. ಕಚೇರಿಯ ಅಂಗಳದಲ್ಲಿ ಎಲ್ಲರನ್ನೂ ಎರಡು ಸಾಲಾಗಿ ಕೂರಿಸಿ ನಿಲ್ಲಿಸಿ ಸೊಸೆಯೇ ಫೋಟೋ ತೆಗೆದಳು. ಒಂದು ತುದಿಗೆ ಕಾವಲುಗಾರ, ಇನ್ನೊಂದು ತುದಿಗೆ ಒಂದು ದೊಡ್ಡ ಹೂಕುಂಡ. ನೆಗೆಟಿವ್ ಉದ್ದನೆಯದು. ಅಲ್ಲಿಯ ಗುಮಾಸ್ತ ಕೇಳಿದ್ದು ಹತ್ತಿಂಚು ಅಗಲ ಹನ್ನೆರಡಿಂಚು ಉದ್ದದ ದೊಡ್ಡ ಕಾಗದ, ಅದೂ ಕಾಗದದ ತುಂಬ ಪಟ. ಆ ಕಾಗದ ನೆಗೆಟಿವ್‌ನಷ್ಟು ಉದ್ದ ಇರುವುದಿಲ್ಲ. ಕಾಗದ ತುಂಬಬೇಕೆಂದರೆ ಪಟದ ಒಂದು ತುದಿ ಹೋಗಬೇಕು.

ದಾರ ಕಟ್ಟಿದ ಹಲಗೆಯಲ್ಲಿ ಇದು ಆಗದ ಮಾತು. ಸೊಸೆ ಹಲಗೆಯನ್ನು ಬದಿಗಿಟ್ಟು, ಕಿಟಕಿಯ ಹಳೆಯ ಗಾಜೊಂದನ್ನು ತೊಳೆದು, ಕಾಗದವನ್ನು ಬರಿಯ ಮೇಜಿನ ಮೇಲೆ ಹಾಸಿ ಗಾಜಿನ ಕೆಳಗೆ ಒತ್ತಿದಳು. ಹೂಕುಂಡದ ಕಡೆ ಕತ್ತರಿಸಿಹೋಗಲಿ ಎಂದು ಅವಳ ಅಂದಾಜು. ಕೆಂಪು ದೀಪದ ಮಬ್ಬಿನಲ್ಲಿ ಗಾಜು ಇಡುವಾಗ ಕಾಗದ ಜಾರಿದ್ದು ಅವಳಿಗೆ ತಿಳಿಯಲಿಲ್ಲ. ಒಣಗಿದ ಮೇಲೆ ಮೂಲೆಯನ್ನು ಸರಿಯಾಗಿ ನೋಡದೆ ಸುತ್ತಿ ಕೊಟ್ಟಳು.

ಗುಮಾಸ್ತ ಅದೇ ಸಂಜೆ ವಾಪಸು ಬಂದ.

"ನಮ್ಮ ಕಾವಲುಗಾರನ ಅರ್ಧ ಮೀಸೆ ಎಲ್ಲಿ ಹೋಯ್ತಮ್ಮ?"

ಸೊಸೆ ನೋಡಿದಳು. ಕಾವಲುಗಾರನ ಒಂದು ಕಣ್ಣು, ಅರ್ಧ ಮೂಗು, ಅರ್ಧ ಮೀಸೆ. ಹೂಕುಂಡ ಮಾತ್ರ ಒಂದೆಲೆಯೂ ಕಡಿಮೆಯಾಗದೆ ನಿಂತಿತ್ತು.

"ತಪ್ಪಾಯ್ತು, ಅಣ್ಣ. ಬೇರೆ ಮಾಡಿಕೊಡ್ತೀನಿ. ಈ ಸಲ ಕುಂಡ ತೆಗೀತೀನಿ."

"ಕುಂಡ ತೆಗೀಬೇಡಮ್ಮ! ಅದಕ್ಕೆ ನಮ್ಮ ಪೋಸ್ಟ್‌ಮಾಸ್ಟರು ಕೆಲಸಕ್ಕೆ ಸೇರಿದಾಗಿಂದ ನೀರು ಹಾಕಿದ್ದಾರೆ. ಕಾವಲುಗಾರ ಮಧ್ಯಾಹ್ನದಿಂದ ಊಟ ಮಾಡಿಲ್ಲ. ಇಬ್ರೂ ಬೇಕು. ಭಾನುವಾರ ಅವರನ್ನ ಕಳಿಸಿಕೊಡೋದು. ಆಗದಿದ್ರೆ ಈಗಲೇ ಹೇಳಿ, ಪೇಟೆ ಸ್ಟುಡಿಯೋಗೆ ಕೊಡ್ತೀವಿ."

ಆ ರಾತ್ರಿ ಊಟದ ಹೊತ್ತಿಗೆ ಜಗಳ ಹೊತ್ತಿಕೊಂಡಿತು.

"ಗಾಜು ಇಟ್ಟು ಮಾಡು ಅಂತ ನಾನು ಹೇಳಿದ್ನಾ?" ಎಂದರು ಅತ್ತೆ.

"ಹಲಗೆ ಮುಟ್ಟಬೇಡ ಅಂದ್ರಿ. ಇನ್ನೇನು ತಲೆ ಮೇಲಿಟ್ಟು ಮಾಡ್ಲಾ?"

"ಅವರು ಹೋಗಿ ಇನ್ನೂ ಬಟ್ಟೆ ಆರಿಲ್ಲ. ಆಗಲೇ ಅವರ ಕೈಗುರುತು ಅಳಿಸೋಕೆ ಹೊರಟಿದ್ದೀಯ."

ಸೊಸೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟಳು. "ಅವರ ಕೈಗುರುತು ಅಂದ್ರೆ ಬರೀ ಹಲಗೇನಾ, ಅತ್ತೆ? ನಾನೂ ಅವರ ಕೈಯಲ್ಲೇ ಕಲಿತವಳು."

ಮಗ ನೀರು ಕುಡಿದು, "ಒಂದು ಕೆಲಸ ಮಾಡೋಣ. ಒಬ್ಬ ದರ್ಜಿ ಬಾಡಿಗೆಗೆ ಜಾಗ ಕೇಳ್ತಿದ್ದಾನೆ. ಮುಂದಿನ ಕೋಣೆ ಕೊಟ್ಟುಬಿಡೋಣ. ಜಗಳಾನೇ ಇರಲ್ಲ," ಎಂದ.

"ಕೊಡೋ ಹಾಗಿಲ್ಲ," ಎಂದರು ತಾಯಿ.

"ಕೊಡ್ಬೇಡಿ," ಎಂದಳು ಹೆಂಡತಿ.

"ಈ ಒಂದು ವಿಷಯದಲ್ಲಾದ್ರೂ ಒಂದಾದ್ರಲ್ಲ," ಎಂದು ಅವನು ಕೈ ತೊಳೆಯಲು ಎದ್ದ.

"ಭಾನುವಾರದ ತನಕ ನೋಡ್ತೀನಿ," ಎಂದಳು ಸೊಸೆ. "ಆ ಕೆಲಸ ಇಲ್ಲಿ ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ನಾನೇ ಪೇಟೆ ಸ್ಟುಡಿಯೋಗೆ ಹೋಗ್ತೀನಿ. ಅಲ್ಲಿ ಆಳು ಬೇಕಂತೆ. ಹಲಗೆ ನೀವೇ ಇಟ್ಕೊಳಿ."

ಅತ್ತೆಗೆ ಬೆಳಗಾಗೆದ್ದು ಸ್ನಾನ ಮಾಡಿ ಪ್ರಾರ್ಥನೆಗೆ ಕೂರುವ ರೂಢಿ. ತಮಗೇ ಕೇಳುವಷ್ಟು ದನಿಯಲ್ಲಿ ದೇವರೊಡನೆ ಮಾತಾಡುವರು. ಮರುದಿನ ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಆ ಕಡೆಯಿಂದ ಬಂದ ಸೊಸೆಯ ಕಿವಿಗೆ ಮಾತು ಬಿತ್ತು. "ಆ ತಪ್ಪನ್ನ ಮನ್ನಿಸು, ದೇವರೇ. ಬಾಯಿಬಿಟ್ಟು ಹೇಳೋಕೂ ಆಗದ ತಪ್ಪು."

ಸೊಸೆ ಅಡಿಗೆಮನೆಗೆ ಬಂದು ಪಾತ್ರೆಯನ್ನು ಕುಕ್ಕಿದಳು. "ನೋಡೇ ನಿಮ್ಮಜ್ಜಿನ. ಅರ್ಧ ಮೀಸೆ ಹೋಗಿದ್ದಕ್ಕೆ ನನ್ನನ್ನ ದೇವರ ಹತ್ರ ದೂರ್ತಿದ್ದಾರೆ."

ಚಿನಕುರುಳಿ ಈರುಳ್ಳಿ ಹೆಚ್ಚುತ್ತಿದ್ದವಳು ಕಣ್ಣೊರೆಸಿಕೊಂಡು ಎದ್ದು ಹೋಗಿ ಅಜ್ಜಿಯ ಪಕ್ಕದಲ್ಲಿ ಕೂತಳು. ಅಜ್ಜಿ ಕಣ್ಣು ತೆರೆದರು.

"ಅಜ್ಜಿ, ತಾತ ಅಷ್ಟು ಯೋಚಿಸಿ ಅಳತೆ ಇಟ್ಟಿದ್ದಾರೆ ಅಂತೀರಲ್ಲ, ಯಾವ ಫೋಟೋಗೆ ಇಟ್ಟಿದ್ದು ಅಂತ ನೋಡೋಣ್ವಾ? ಕೊನೇ ನೆಗೆಟಿವ್ ಇದೆ. ಯಂತ್ರ ಎಷ್ಟು ಎತ್ತರದಲ್ಲಿತ್ತೋ ಆ ಗೆರೆ ಇದೆ. ಹಲಗೆ ಮುಟ್ಟೋದು ಬೇಡ. ಮೇಲಿಂದ ಬೆಳಕು ಬಿಟ್ಟರೆ ತಾತ ಕಂಡಿದ್ದೇ ನಮಗೂ ಕಾಣುತ್ತೆ."

ಅಜ್ಜಿ ಸೆರಗು ಸರಿಪಡಿಸಿಕೊಂಡು ಎದ್ದರು. ಆಮೇಲೆ, "ಊಟ ಆದ ಮೇಲೆ ನೋಡೋಣ," ಎಂದರು.

ಮಧ್ಯಾಹ್ನ ಮೂವರೂ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸೊಸೆ ಹಲಗೆಯನ್ನು ಅದರ ಕಾಲುಗಳು ಒತ್ತಿದ ಗುರುತಿಗೆ ಸರಿಯಾಗಿ ಇಟ್ಟಳು. ಯಂತ್ರದ ತಲೆಯನ್ನು ಪೆನ್ಸಿಲ್ ಗೆರೆಗೆ ತಂದು, ಲಕೋಟೆಯಿಂದ ನೆಗೆಟಿವ್ ತೆಗೆದು ಹಾಕಿ, ದೀಪ ಒತ್ತಿದಳು.

ಕ್ಷೌರಿಕ ಹಲಗೆಯ ಮೇಲೆ ಬಂದು ನಿಂತ. ನೆಗೆಟಿವ್ ಆದ್ದರಿಂದ ಕೂದಲು ಬಿಳಿ, ಹಲ್ಲು ಕಪ್ಪು. ಪಕ್ಕದಲ್ಲಿ ಅವನು ಹೊಸದಾಗಿ ತರಿಸಿದ ತಿರುಗುವ ಕುರ್ಚಿ. ಚಿತ್ರ ಕೂದಲೆಳೆಯಷ್ಟೂ ಮಸುಕಿಲ್ಲದೆ ಚೊಕ್ಕವಾಗಿತ್ತು. ಆದರೆ ದಾರ ಕಟ್ಟಿದ ಪಟ್ಟಿಗಳ ಒಳಗೆ ಸಿಕ್ಕದ್ದು ಅವನ ಒಂದು ಕಿವಿ ಮತ್ತು ಕುರ್ಚಿಯ ಒಂದು ಕೈ. ಉಳಿದದ್ದೆಲ್ಲ ಪಟ್ಟಿಯ ಮೇಲೆ ಬಿದ್ದಿತ್ತು.

ಅತ್ತೆ ಬಗ್ಗಿ ನೋಡಿದರು. "ಇವನ ಕಿವಿ ಮಾತ್ರ ತೆಗೀತಿದ್ರಾ ಅವರು?"

"ಕಿವಿ ಡಾಕ್ಟರು ಕೇಳಿದ್ರೇನೋ, ಅಜ್ಜಿ."

"ನೀನು ಸುಮ್ನಿರು." ಅತ್ತೆ ಸೊಸೆಯ ಕಡೆ ತಿರುಗಿದರು. "ಗೆರೆ ಸರಿಯಾಗಿ ಎಳೆದಿದ್ದೀಯಾ?"

"ಸರಿಯಾಗಿಲ್ಲದಿದ್ರೆ ಚಿತ್ರ ಮಸುಕಾಗ್ತಿತ್ತು, ಅತ್ತೆ. ನೋಡಿ, ಇಲ್ಲಿಂದ ಇಲ್ಲೀವರೆಗೆ ಎಂಟು ಹತ್ತರ ಕಾಗದ. ಅವನೂ ಕುರ್ಚಿಯೂ ಅದಕ್ಕೆ ಅಳೆದು ಕೂರಿಸಿದ ಹಾಗಿದೆ. ಮಾವ ಇಟ್ಟಿದ್ದು ಎಂಟು ಹತ್ತು. ಈ ನಾಲ್ಕು ಬೆರಳು ಅವರದಲ್ಲ." ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದಳು. "ನೀವು ಒರೆಸುವಾಗ ಇದನ್ನ ಹೇಗೆ ಎತ್ತಿದ್ರಿ?"

"ಹೇಗೆ ಅಂದ್ರೆ? ಹೀಗೆ ಗೋಡೆಗೆ ಆನಿಸಿ ನಿಲ್ಲಿಸಿದೆ. ಹಿಂದುಗಡೆ ಒರೆಸಬೇಕಲ್ಲ. ಆಗ ಏನೋ ಸರ್ ಅಂತ..." ಅತ್ತೆಯ ಮಾತು ಅರ್ಧಕ್ಕೆ ನಿಂತಿತು. ಬೆಳಕಿನಲ್ಲಿ ಕ್ಷೌರಿಕ ಕಪ್ಪು ಹಲ್ಲು ಬಿಟ್ಟು ನಗುತ್ತಿದ್ದ.

"ಹಾಗಾದ್ರೆ ಇಷ್ಟು ದಿನ ನಾನು ನನ್ನ ಕೈಗೇ ಕೈ ಮುಗೀತಿದ್ನಾ?"

ಚಿನಕುರುಳಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೊದಲು ನಕ್ಕವರು ಅತ್ತೆಯೇ. ಯಜಮಾನರು ಹೋದ ಮೇಲೆ ಆ ಮನೆಯಲ್ಲಿ ಅವರ ನಗು ಕೇಳಿಸಿದ್ದು ಅದೇ ಮೊದಲು. ಹೊಲಿಗೆ ಪೆಟ್ಟಿಗೆಯ ಕತ್ತರಿ ತರಿಸಿ, ದಾರವನ್ನು ತಾವೇ ಕತ್ತರಿಸಿದರು.

ಸೊಸೆ ಪಟ್ಟಿಗಳನ್ನು ಎಂಟು ಹತ್ತಕ್ಕೆ ಸರಿಸಿ, ಕಾಗದ ಇಡಲು ಚೌಕಟ್ಟನ್ನು ಎತ್ತಿದಳು. ಸರ್ ಎಂದು ಪಟ್ಟಿ ಜಾರಿತು. ಮತ್ತೆ ಸರಿಸಿದಳು, ಮತ್ತೆ ಜಾರಿತು. "ಪಟ್ಟೀನ ಬಿಗಿಹಿಡಿಯೋ ಹಿಡಿಕೆ ಸವೆದಿದೆ. ಇದು ನಿಲ್ಲೋದೇ ಇಲ್ಲ. ಮಾವ ಹೇಗೆ ನಿಲ್ಲಿಸ್ತಿದ್ರು?" ಹಿಡಿಕೆಯ ಸಂದಿನಲ್ಲಿ ಬೆರಳಾಡಿಸಿದಾಗ ಏನೋ ಸಿಕ್ಕಿಕೊಂಡಿದ್ದು ತಿಳಿಯಿತು. ಸೂಜಿಯಿಂದ ಕೆದಕಿದಳು. ಜಜ್ಜಿಹೋದ ಬೆಂಕಿಕಡ್ಡಿಯ ಚೂರು.

ಅತ್ತೆಯ ಮುಖದ ನಗು ಆರಿತು. "ಅದನ್ನ ಬಿಸಾಡು."

"ಯಾಕತ್ತೆ?"

ಅತ್ತೆ ಸ್ಟೂಲಿನ ಮೇಲೆ ಕೂತರು. ಕೆಂಪು ಬೆಳಕಿನಲ್ಲಿ ನೆಲ ನೋಡುತ್ತ ಹೇಳಿದರು. "ಗುಡಿಸಿದ ದಿನ ಇಂಥವು ಇನ್ನೂ ಸಿಕ್ಕಿದ್ವು. ತುದಿ ಮುರಿದವು. ಅವರು ದೇವರ ಮೇಲೆ ಆಣೆ ಇಟ್ಟು ಸಿಗರೇಟು ಬಿಟ್ಟಿದ್ರು. ಬಿಟ್ಟಿರಲಿಲ್ಲ. ಇಲ್ಲಿ ಬಾಗಿಲು ಹಾಕ್ಕೊಂಡು ಸೇದ್ತಿದ್ರು. ಆಣೆ ತಪ್ಪಿ ಹೋದ್ರಲ್ಲ, ಅಲ್ಲಿ ಅವರ ಗತಿ ಏನು ಅಂತ ದಿನಾ ಬೇಡ್ಕೋತಿದ್ದೀನಿ."

"ಬೆಳಿಗ್ಗೆ ಹೇಳ್ತಿದ್ದ ತಪ್ಪು ಅದಾ?" ಎಂದಳು ಸೊಸೆ. "ನಾನು ನನ್ನದು ಅಂದ್ಕೊಂಡೆ."

"ನಿನ್ನ ತಪ್ಪನ್ನ ನಿನಗೇ ಹೇಳ್ತೀನಿ. ದೇವರಿಗೆ ಯಾಕೆ ತೊಂದರೆ?"

ಸೊಸೆ ಚೂರನ್ನು ಅಂಗೈಯಲ್ಲಿ ಹೊರಳಿಸಿದಳು. "ಇದು ಪಟ್ಟಿ ಜಾರದ ಹಾಗೆ ಹಿಡಿಕೆಗೆ ತುರುಕಿದ್ದು, ಅತ್ತೆ."

"ಸೇದಿ ಎಸೆದ ಕಡ್ಡಿ ಕೈಗೆ ಸಿಕ್ತು, ತುರುಕಿದ್ರು. ನನ್ನ ಸಮಾಧಾನಕ್ಕೆ ಹೇಳಬೇಡ." ಅತ್ತೆ ಕಪಾಟಿನ ಕಡೆ ಕೈ ತೋರಿಸಿದರು. "ಆ ಡಬ್ಬೀನೂ ಇವತ್ತೇ ತೆಗೆದುಬಿಡು. ಅದರಲ್ಲಿ ಏನಿದೆಯೋ ಅದೂ ಆಗಿಹೋಗಲಿ."

ಸೊಸೆ ತಡವರಿಸಿದಳು. ಆಮೇಲೆ ಡಬ್ಬಿಯನ್ನು ತೆಗೆದುಕೊಂಡು ಕೆಂಪು ದೀಪವನ್ನೂ ಆರಿಸಿದಳು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಎನ್ನುವ ಕತ್ತಲೆ. ಮುಚ್ಚಳ ಕಳಚಿದ ಸದ್ದಾಯಿತು.

"ಫಿಲ್ಮ್ ಇದೆಯೇನಮ್ಮ?"

"ಇಲ್ಲ ಕಣೇ. ಏನೋ ಕಡ್ಡಿ ಕಡ್ಡಿ. ಒತ್ತೊತ್ತಾಗಿ ತುಂಬಿದೆ. ದೀಪ ಹಾಕು."

ಚಿನಕುರುಳಿ ತಡಕಾಡಿ ದೊಡ್ಡ ದೀಪವನ್ನೇ ಹಾಕಿದಳು. ಸೊಸೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ಬೆಂಕಿಕಡ್ಡಿಗಳು, ಎಲ್ಲ ಒಂದೇ ಉದ್ದ. ಒಂದಕ್ಕೂ ಮದ್ದಿನ ತುದಿಯಿಲ್ಲ. ಒಂದರಲ್ಲೂ ಸುಟ್ಟ ಗುರುತಿಲ್ಲ. ಕೊನೆಗೆ, ಡಬ್ಬಿಯ ತಳದಿಂದ, ಮುರಿದಿಟ್ಟ ಮದ್ದಿನ ತುದಿಗಳೂ ಹಾಗೆಯೇ ಉದುರಿದವು.

ಸೊಸೆ ಒಂದು ಕಡ್ಡಿಯನ್ನು ಹಿಡಿಕೆಯ ಸಂದಿಗೆ ಒತ್ತಿದಳು. ಅದು ತನ್ನ ಜಾಗಕ್ಕೆ ಬಂದಂತೆ ಕೂತಿತು. ಚೌಕಟ್ಟನ್ನು ಎತ್ತಿ ಇಳಿಸಿದಳು. ಪಟ್ಟಿ ಅಲುಗಲಿಲ್ಲ.

"ಮದ್ದು ಕಾಗದಕ್ಕೆ ತಾಗಿದ್ರೆ ಕಲೆ ಬೀಳುತ್ತೆ," ಎಂದಳು. "ಅದಕ್ಕೇ ತುದಿ ಮುರೀತಿದ್ರು. ಸೇದಿಲ್ಲ, ಅತ್ತೆ. ಮಾವ ಒಂದು ಕಡ್ಡೀನೂ ಗೀರಿಲ್ಲ."

ಅತ್ತೆ ಕಡ್ಡಿಗಳನ್ನು ಎರಡು ಕೈಯಲ್ಲಿ ಬಾಚಿಕೊಂಡರು. ಮೂಗಿನ ಹತ್ತಿರ ತಂದು ಮೂಸಿ ನೋಡಿದರು. ಅವರ ಕಣ್ಣಿಂದ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಚಿನಕುರುಳಿ ಒರೆಸಿದಳು.

"ಕಳ್ಳ," ಎಂದರು ಅತ್ತೆ ಕೊನೆಗೆ. "ನನ್ನ ಅಡಿಗೆಮನೆಯಿಂದ ಕದ್ದದ್ದು ಇಷ್ಟು. ಅದಕ್ಕೆ ನಿನ್ನನ್ನ ಬೈದೆನಲ್ಲ."

"ಬೈದದ್ದು ಹಾಗೇ ಇರಲಿ ಬಿಡಿ," ಎಂದಳು ಸೊಸೆ. "ಇನ್ನೊಂದು ಸಲಕ್ಕೆ ಆಗುತ್ತೆ."

ಆ ಮಧ್ಯಾಹ್ನವೇ ಅಂಚೆ ಕಚೇರಿಯ ನೆಗೆಟಿವ್ ಯಂತ್ರಕ್ಕೆ ಹೋಯಿತು. ಸೊಸೆ ಯಂತ್ರದ ತಲೆಯನ್ನು ಮೊದಲ ಸಲಕ್ಕಿಂತ ಕೆಳಗೆ ನಿಲ್ಲಿಸಿ ಪಟವನ್ನು ಚಿಕ್ಕದು ಮಾಡಿದಳು. ಪಟದ ಉದ್ದವೆಲ್ಲ ಕಾಗದದ ಉದ್ದಕ್ಕೆ ಹಿಡಿಸಿತು. ಕೆಳಗೆ ಬಿಳಿ ಜಾಗ ಉಳಿಯಿತು. ಅತ್ತೆ ಪಕ್ಕದಲ್ಲಿ ನಿಂತು ಪಟ್ಟಿಯನ್ನು ಸರಿಸಿದರು.

"ಇನ್ನೂ ಸ್ವಲ್ಪ ಆಚೆ, ಅತ್ತೆ."

"ಇಷ್ಟಾ?"

"ಇನ್ನೂ ಒಂಚೂರು."

"ಪಾಪ, ಅವನ ಮೀಸೆ ಪೂರ್ತಿ ಬರಲಿ. ಕುಂಡದ ಎಲೆ ನೋಡು, ಬಂತಾ?"

"ಬಂತು. ಕೈ ತೆಗೀರಿ."

ಗುಮಾಸ್ತ ಫೋಟೋ ನೋಡಿ ಮೊದಲು ಮುಖ ಹುಳ್ಳಗೆ ಮಾಡಿದ. "ಕೆಳಗೆ ಇಷ್ಟೊಂದು ಖಾಲಿ ಬಿಟ್ಟಿದ್ದೀರಲ್ಲಮ್ಮ?"

"ಅಲ್ಲಿ ಎಲ್ಲರ ಹೆಸರು ಬರೀರಿ, ಅಣ್ಣ. ನಾಳೆ ಮೊಮ್ಮಕ್ಕಳಿಗೆ ಯಾರು ಯಾರು ಅಂತ ಗೊತ್ತಾಗೋದು ಬೇಡ್ವಾ?"

ಅವನು ಯೋಚಿಸಿದ. "ಕುಂಡದ ಕೆಳಗೂ ಬರೀಬೇಕು ಹಾಗಾದ್ರೆ," ಎಂದು ನಗುತ್ತ ತೆಗೆದುಕೊಂಡು ಹೋದ. ಕ್ಷೌರಿಕನ ಮುಖ ಅದೇ ಸಂಜೆ ಒಣಗಿತು. ಭುಜದ ತಂದೆಗೂ ಹೇಳಿಕಳಿಸಿ, ಮುಖ ಸಮೇತ ಬೇರೆ ಪಟ ಕೊಟ್ಟರು.

ರಾತ್ರಿ ಊಟಕ್ಕೆ ಕೂತಾಗ ಸಂಗತಿಯೆಲ್ಲ ಕೇಳಿ ಮಗ ತಟ್ಟೆಯಿಂದ ತಲೆ ಎತ್ತಿದ. "ಒಂದು ತಿರುಪು ಹಾಕಿದ್ರೆ ಮುಗೀತಿತ್ತು. ಅಪ್ಪ ನನಗೆ ಯಾಕೆ ಹೇಳಲಿಲ್ಲ?"

"ನೀನು ಸರಿ ಮಾಡ್ತೀನಿ ಅಂದ ಫ್ಯಾನು ಎಲ್ಲಿದೆ?" ಎಂದರು ತಾಯಿ.

ಎಲ್ಲರೂ ಮೂಲೆಯ ಕಡೆ ನೋಡಿದರು. ಫ್ಯಾನು ಅಲ್ಲಿಯೇ ಇತ್ತು, ರೆಕ್ಕೆ ಬಿಚ್ಚಿಕೊಂಡು.

"ನಾಳೆ ಹಲಗೆಗೆ ತಿರುಪು ತರ್ತೀನಿ," ಎಂದ ಅವನು.

"ಬೇಡ," ಎಂದಳು ಸೊಸೆ. "ಕಡ್ಡಿ ಸಾಕು."

ಸೋಮವಾರ ಬೆಳಿಗ್ಗೆ ಸೊಸೆ ಪೇಟೆ ಸ್ಟುಡಿಯೋಗೆ ಹೋಗಲಿಲ್ಲ, ಹಾಲು ಕಾಯಿಸುತ್ತಿದ್ದಳು. ಆಚೆ ಕೋಣೆಯಿಂದ ಅತ್ತೆಯ ಪ್ರಾರ್ಥನೆ ಕೇಳಿಸಿತು. ದನಿ ಅಂದು ಸ್ವಲ್ಪ ಗಟ್ಟಿಯಾಗಿಯೇ ಇತ್ತು.

"ದೇವರೇ, ಇಷ್ಟು ದಿನ ಅವರ ತಪ್ಪನ್ನ ಮನ್ನಿಸು ಅಂತ ನಿನ್ನ ಕಾಡಿದೆ. ಅದನ್ನ ಬಿಟ್ಟುಬಿಡು. ಅವರು ಆಣೆ ತಪ್ಪಿರಲಿಲ್ಲ. ಆ ವಿಷಯ ಏನಾದ್ರೂ ಅವರ ಹತ್ರ ಎತ್ತಿದ್ರೆ, ತಪ್ಪು ತಿಳಿದದ್ದು ನಾನು ಅಂತ ಹೇಳು."

ಹಾಲು ಉಕ್ಕಿ ಬಂತು; ಸೊಸೆ ಪಾತ್ರೆ ಇಳಿಸಿದಳು. ಮತ್ತೆ ಕೇಳಿಸಿತು.

"ಬೆಂಕಿಕಡ್ಡಿ ಕದ್ದದ್ದನ್ನ ಮಾತ್ರ ನೀನು ಕೇಳಬೇಡ. ಅದನ್ನ ನಾನೇ ಬಂದು ಕೇಳ್ತೀನಿ."